ಆಕರ ಪಟ್ಟಿಗೆ ಝೊಟೆರೊ: ಮೂರು ವರ್ಷ ಬಳಸಿ ಕಂಡದ್ದು

ಬ್ಯಾಡಗಿ ಮೆಣಸಿನಕಾಯಿ ಬೆಳೆಗೆ ಬೀಳುವ ಕಪ್ಪು ಥ್ರಿಪ್ಸ್ ನುಶಿಯ ಕುರಿತು ನಾನು ಬರೆದ ಮೊದಲ ಸಂಶೋಧನಾ ಲೇಖನವನ್ನು ಜರ್ನಲ್‌ನವರು ಒಂಬತ್ತನೆಯ ದಿನವೇ ಹಿಂದಿರುಗಿಸಿದರು. ಅದಿನ್ನೂ ವಿಮರ್ಶಕರ ಕೈ ಸೇರಿರಲಿಲ್ಲ. ಸಂಪಾದಕೀಯ ಕಚೇರಿಯ ಮೊದಲ ತಪಾಸಣೆಯಲ್ಲೇ ನಿಂತುಹೋಗಿತ್ತು. ಕೊನೆಯಲ್ಲಿದ್ದ 54 ಆಕರಗಳ ಪೈಕಿ 31ರ ಎದುರು ಕೆಂಪು ಗುರುತು ಬಿದ್ದಿತ್ತು. ಕೆಲವು ಕಡೆ ಜರ್ನಲ್ ಹೆಸರು ಪೂರ್ತಿಯಾಗಿದ್ದರೆ ಕೆಲವು ಕಡೆ ಮೊಟಕಾಗಿತ್ತು, ಕೀಟದ ವೈಜ್ಞಾನಿಕ ಹೆಸರು ಒಂದು ಸಾಲಿನಲ್ಲಿ ಓರೆ ಅಕ್ಷರದಲ್ಲಿದ್ದು ಮುಂದಿನ ಸಾಲಿನಲ್ಲಿ ನೇರ ಅಕ್ಷರದಲ್ಲಿತ್ತು, ಲೇಖನದೊಳಗೆ ಉಲ್ಲೇಖಿಸಿದ ನಾಲ್ಕು ಪ್ರಬಂಧಗಳು ಪಟ್ಟಿಯಲ್ಲಿ ಇರಲೇ ಇಲ್ಲ, ಪಟ್ಟಿಯಲ್ಲಿದ್ದ ಎರಡನ್ನು ಲೇಖನದಲ್ಲಿ ಎಲ್ಲಿಯೂ ಉಲ್ಲೇಖಿಸಿರಲಿಲ್ಲ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಒಂದು ಡಿಒಐ ಸಂಖ್ಯೆ, ಅಂದರೆ ಅಂತರ್ಜಾಲದಲ್ಲಿ ಪ್ರಬಂಧವನ್ನು ಗುರುತಿಸುವ ಸಂಖ್ಯೆ. ಅದನ್ನು ಒತ್ತಿದರೆ ನಾನು ಹೇಳಿದ ಪ್ರಬಂಧದ ಬದಲು ಬೇರೆ ಯಾವುದೋ ಬೆಳೆಯ ಬೇರೆ ಯಾವುದೋ ರೋಗದ ಪ್ರಬಂಧ ತೆರೆದುಕೊಳ್ಳುತ್ತಿತ್ತು.

ಆ ಪಟ್ಟಿಯನ್ನು ನಾನು ಧಾರವಾಡದ ಒಂದು ಡಿಟಿಪಿ ಅಂಗಡಿಯಲ್ಲಿ ಹಣ ಕೊಟ್ಟು ಮಾಡಿಸಿದ್ದೆ. ಸಪ್ತಾಪುರದಿಂದ ಶ್ರೀನಗರ ಸರ್ಕಲ್‌ವರೆಗೆ ಓಡಾಡಿದವರಿಗೆ ಇಂಥ ಅಂಗಡಿಗಳು ಗೊತ್ತಿರುತ್ತವೆ. ಥೀಸಿಸ್ ಟೈಪಿಂಗ್, ಬೈಂಡಿಂಗ್, ಪ್ರಾಜೆಕ್ಟ್ ವರದಿ, ಜೆರಾಕ್ಸ್ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಅಂಗಡಿಯವರು ತಮ್ಮ ಕೆಲಸವನ್ನು ಅವಸರದಲ್ಲಿ ಮುಗಿಸಿದ್ದರು, ಅದು ನಿಜ. ಆದರೆ ಅಲ್ಪವಿರಾಮ ಎಲ್ಲಿರಬೇಕು ಎಂಬುದನ್ನು ಅವರು ನೋಡಬಲ್ಲರೇ ಹೊರತು, ಆ ಪ್ರಬಂಧ 2015ರದೋ 2016ರದೋ ಎಂಬುದನ್ನು ಅವರು ತಿಳಿಯುವುದು ಹೇಗೆ? ಆ ಪ್ರಬಂಧವನ್ನು ತೆರೆದು ಓದಿದವರು, ಅಥವಾ ಓದಿರಬೇಕಾಗಿದ್ದವರು ನಾವು. ಈ ಮಾತನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಾನು ಹೊಗಳಲಿರುವ ಝೊಟೆರೊ ತಂತ್ರಾಂಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಆಕರವನ್ನು ಹೊಂದಿಸಿ ಕೊಡುತ್ತದೆ, ಅದರ ಸತ್ಯಾಸತ್ಯವನ್ನು ನೋಡುವುದಿಲ್ಲ.

ಝೊಟೆರೊ ಎಂಬುದು ಓದಿದ ಪ್ರಬಂಧಗಳ ವಿವರಗಳನ್ನು ಕೂಡಿಟ್ಟು ಲೇಖನಕ್ಕೆ ಆಕರ ಪಟ್ಟಿ ಹೊಂದಿಸಿಕೊಡುವ ಉಚಿತವಾದ, ಓಪನ್ ಸೋರ್ಸ್ ತಂತ್ರಾಂಶ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಹೊಸ ಮಾಧ್ಯಮ ಕೇಂದ್ರದವರು ಅದನ್ನು ಫೈರ್‌ಫಾಕ್ಸ್ ಬ್ರೌಸರ್‌ಗೆ ಜೋಡಿಸುವ ಒಂದು ಸಣ್ಣ ಸಲಕರಣೆಯಾಗಿ ಹೊರತಂದರು. ಈಗ ಅದು ಸ್ವತಂತ್ರ ತಂತ್ರಾಂಶವಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಪಿಡಿಎಫ್ ಓದುವ, ಗೆರೆ ಎಳೆದು ಟಿಪ್ಪಣಿ ಬರೆಯುವ ವ್ಯವಸ್ಥೆ 2022ರ ಆರನೆಯ ಆವೃತ್ತಿಯಿಂದ ಅದರೊಳಗೇ ಇದೆ; 2024ರಲ್ಲಿ ಏಳನೆಯ ಆವೃತ್ತಿ ಬಂದಿತು. ನಮ್ಮ ಪ್ರಯೋಗಾಲಯದ ಹಿರಿಯ ಸಂಶೋಧಕರೊಬ್ಬರು ಲೇಖನ ಹಿಂದಿರುಗಿದ ವಾರವೇ ಅದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಮೂರು ವರ್ಷಗಳಲ್ಲಿ ಒಂದು ಥೀಸಿಸ್, ಮೂರು ಹಸ್ತಪ್ರತಿಗಳನ್ನು ಅದರ ಮೂಲಕವೇ ಹೊಂದಿಸಿದ್ದೇನೆ. ಈಗ ನನ್ನ ಲೈಬ್ರರಿಯಲ್ಲಿ 640 ಆಕರಗಳಿವೆ.

ಆಕರವನ್ನು ಒಳಗೆ ತರುವ ಕೆಲಸ ಸುಲಭ. ಬ್ರೌಸರ್‌ನಲ್ಲಿ ಪ್ರಬಂಧದ ಪುಟ ತೆರೆದಿದ್ದಾಗ ಮೇಲಿನ ಮೂಲೆಯ ಝೊಟೆರೊ ಗುಂಡಿಯನ್ನು ಒತ್ತಿದರೆ ಲೇಖಕರು, ವರ್ಷ, ಶೀರ್ಷಿಕೆ, ಜರ್ನಲ್, ಸಂಪುಟ, ಸಂಚಿಕೆ, ಪುಟ ಎಲ್ಲವೂ ತಮ್ಮ ತಮ್ಮ ಖಾನೆಯಲ್ಲಿ ಹೋಗಿ ಕೂರುತ್ತವೆ. ಪಿಡಿಎಫ್ ಮುಕ್ತವಾಗಿ ದೊರೆಯುವಂತಿದ್ದರೆ ಅದೂ ಜೊತೆಗೆ ಬರುತ್ತದೆ. ಪುಟ ತೆರೆಯದೆಯೂ ತರಬಹುದು. ಮಾಂತ್ರಿಕನ ಕೋಲಿನ ಚಿತ್ರವಿರುವ ಗುಂಡಿಯಲ್ಲಿ ಡಿಒಐ ಸಂಖ್ಯೆ, ಪುಸ್ತಕವಾದರೆ ಐಎಸ್‌ಬಿಎನ್, ವೈದ್ಯಕೀಯ ಪ್ರಬಂಧವಾದರೆ ಪಬ್‌ಮೆಡ್ ಸಂಖ್ಯೆ ಬರೆದರೆ ಸಾಕು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಓದುತ್ತಿರುವ ನನ್ನ ಗೆಳತಿ ತನ್ನ ಪ್ರಬಂಧದ ಆಕರಗಳಲ್ಲಿ ಹೆಚ್ಚಿನವನ್ನು ಹೀಗೆ ಸಂಖ್ಯೆಗಳನ್ನು ಸಾಲಾಗಿ ಅಂಟಿಸಿಯೇ ಒಳತಂದಳು.

ಆದರೆ ಹೀಗೆ ಬಂದದ್ದೆಲ್ಲ ಸರಿಯಾಗಿರುತ್ತದೆ ಎಂದುಕೊಳ್ಳಬಾರದು. 10 ಎಂಬ ಅಂಕಿಯಿಂದ ಆರಂಭವಾಗುವ ಡಿಒಐ ಒಂದು ಪ್ರಬಂಧಕ್ಕೆ ಕೊಟ್ಟ ಕಾಯಂ ವಿಳಾಸ. ಅದನ್ನು ನೋಂದಾಯಿಸುವಾಗ ಪ್ರಕಾಶಕರು ಪ್ರಬಂಧದ ವಿವರಗಳನ್ನು ಕ್ರಾಸ್‌ರೆಫ್‌ನಂಥ ನೋಂದಣಿ ಸಂಸ್ಥೆಗೆ ಕೊಡುತ್ತಾರೆ. ಝೊಟೆರೊ ಅಲ್ಲಿಂದ ಅವನ್ನು ಎತ್ತಿಕೊಳ್ಳುತ್ತದೆ. ಪ್ರಕಾಶಕರು ಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟಿದ್ದರೆ ನಮ್ಮ ಪಟ್ಟಿಯಲ್ಲಿಯೂ ಅದು ದೊಡ್ಡಕ್ಷರದಲ್ಲೇ ಬರುತ್ತದೆ. ಅವರು ಪುಟಸಂಖ್ಯೆ ಬಿಟ್ಟಿದ್ದರೆ ನಮ್ಮಲ್ಲಿಯೂ ಆ ಖಾನೆ ಖಾಲಿ. ನಮ್ಮ ದೇಶದ ಹಳೆಯ ಕೃಷಿ ಜರ್ನಲ್‌ಗಳ ಪ್ರಬಂಧಗಳನ್ನು ಸೇರಿಸಿಕೊಳ್ಳುವಾಗ ನನಗೆ ಇಂಥ ಖಾಲಿ ಖಾನೆಗಳು ಮತ್ತೆ ಮತ್ತೆ ಎದುರಾದವು. ಪಿಡಿಎಫ್‌ನ ಮೊದಲ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಆಕರ ಸೇರಿಸಿದ ಕ್ಷಣದಲ್ಲೇ ಒಂದೊಂದು ಖಾನೆಯನ್ನು ಅದರೊಂದಿಗೆ ತಾಳೆ ನೋಡಬೇಕು. ಒಂದು ಆಕರಕ್ಕೆ ಇದು ಎರಡು ನಿಮಿಷದ ಕೆಲಸ. ಕೊನೆಗೆ ನೋಡೋಣವೆಂದು ಬಿಟ್ಟರೆ ಅದೇ ಕೆಲಸ ವಾರಗಟ್ಟಲೆ ಹಿಡಿಯುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಪ್ರಬಂಧದಲ್ಲಿ ಏನಿತ್ತೆಂಬುದೇ ಮರೆತಿರುತ್ತದೆ.

ಹೆಸರಿನ ವಿಷಯ ನಮ್ಮ ಭಾಗದವರಿಗೆ ವಿಶೇಷವಾಗಿ ತೊಡಕಿನದು. ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಅಡ್ಡಹೆಸರು ಇರುತ್ತದೆ. ಪಾಟೀಲ, ಹಿರೇಮಠ, ಅಂಗಡಿ, ಕುಲಕರ್ಣಿ ಎಂದು ಕೊನೆಯಲ್ಲಿ ಬರುವುದರಿಂದ ಅದು ತಂತ್ರಾಂಶದ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಹಳೆ ಮೈಸೂರು ಕಡೆಯ ಲೇಖಕರಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ, ಸ್ವಂತ ಹೆಸರು ಕೊನೆಗೆ. ಕೆಲವು ಜರ್ನಲ್‌ಗಳು ಮೊದಲಕ್ಷರಗಳನ್ನು ಹಿಂದಕ್ಕೆ ಹಾಕಿ ಮುದ್ರಿಸುತ್ತವೆ, ಆಗ ಆ ಅಕ್ಷರಗಳೇ ಅಡ್ಡಹೆಸರಿನ ಖಾನೆಗೆ ಹೋಗಿ ಕೂರುತ್ತವೆ. ಹೀಗೆ ನನ್ನ ಪಟ್ಟಿಯಲ್ಲಿ ಒಬ್ಬ ಹಿರಿಯ ಕೀಟಶಾಸ್ತ್ರಜ್ಞರು ಬರೀ ‘ಕೆ’ ಎಂಬ ಒಂಟಿ ಅಕ್ಷರವಾಗಿ ಉಳಿದಿದ್ದರು. ಹೆಸರಿನ ಖಾನೆಯ ಮೇಲೆ ಬಲಗುಂಡಿ ಒತ್ತಿದರೆ ಎರಡು ಭಾಗಗಳನ್ನು ಅದಲುಬದಲು ಮಾಡುವ ಆಯ್ಕೆ ಸಿಗುತ್ತದೆ, ಅದರಿಂದ ಇದು ಸರಿಹೋಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕು, ಲೇಖನದೊಳಗೆ ಲೇಖಕರ ಅಡ್ಡಹೆಸರು ಮತ್ತು ವರ್ಷ ಕೊಟ್ಟು ಉಲ್ಲೇಖಿಸುವ ಎಪಿಎ ಶೈಲಿಯಲ್ಲಿ ಬರೆಯುವಾಗ ಕಂಡಿತು. ಒಂದೇ ಅಡ್ಡಹೆಸರಿನ ಇಬ್ಬರು ಬೇರೆ ಬೇರೆ ಮೊದಲ ಲೇಖಕರು ಪಟ್ಟಿಯಲ್ಲಿದ್ದರೆ, ಓದುಗರಿಗೆ ಗೊಂದಲವಾಗದಿರಲೆಂದು ಲೇಖನದೊಳಗಿನ ಉಲ್ಲೇಖದಲ್ಲಿಯೂ ಅವರ ಮೊದಲಕ್ಷರಗಳನ್ನು ಸೇರಿಸಬೇಕೆಂಬುದು ಎಪಿಎ ನಿಯಮ. ಝೊಟೆರೊ ಇದನ್ನು ತಾನಾಗಿಯೇ ಪಾಲಿಸುತ್ತದೆ. ಪಾಟೀಲರು ಎಷ್ಟು ಮಂದಿ ಇರುತ್ತಾರೆಂಬುದನ್ನು ಧಾರವಾಡದ ಸಂಶೋಧಕರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಯಮ ಸರಿಯಾದದ್ದೇ. ಆದರೆ ಒಬ್ಬರೇ ಪಾಟೀಲರನ್ನು ಒಂದು ಆಕರದಲ್ಲಿ ಮೊದಲಕ್ಷರಗಳೊಂದಿಗೆ, ಇನ್ನೊಂದರಲ್ಲಿ ಪೂರ್ತಿ ಹೆಸರಿನೊಂದಿಗೆ ಸೇರಿಸಿಕೊಂಡಿದ್ದರೆ ತಂತ್ರಾಂಶ ಅವರನ್ನು ಇಬ್ಬರೆಂದು ಎಣಿಸಿ, ಬೇಡವಾದ ಕಡೆ ಮೊದಲಕ್ಷರ ಹಾಕಿಬಿಡಬಹುದು. ಒಂದೇ ಪ್ರಬಂಧ ಎರಡು ಸಲ ಸೇರಿಕೊಂಡಿದ್ದರಂತೂ 2019ಎ, 2019ಬಿ ಎಂದು ಇಲ್ಲದ ಎರಡು ಪ್ರಬಂಧಗಳನ್ನು ತೋರಿಸುತ್ತದೆ. ಲೇಖನದಲ್ಲಿ ಇಂಥ ಎ, ಬಿ ಕಂಡ ಕೂಡಲೇ ನಕಲು ಆಕರಗಳ ವಿಭಾಗವನ್ನು ತೆರೆದು ಎರಡನ್ನೂ ವಿಲೀನ ಮಾಡಬೇಕು. ಅಳಿಸಿಹಾಕಬಾರದು, ವಿಲೀನವನ್ನೇ ಮಾಡಬೇಕು. ಹಾಗೆ ಮಾಡಿದರೆ ಈಗಾಗಲೇ ಬರೆದ ಉಲ್ಲೇಖಗಳು ಲೈಬ್ರರಿಯೊಂದಿಗಿನ ಸಂಬಂಧ ಕಳೆದುಕೊಳ್ಳುವುದಿಲ್ಲ.

ಕೃಷಿ ಮತ್ತು ಜೀವವಿಜ್ಞಾನದವರಿಗೆ ಮುಖ್ಯವಾದ ಇನ್ನೊಂದು ಸಂಗತಿ ವೈಜ್ಞಾನಿಕ ಹೆಸರುಗಳದು. ನಾನು ಅಭ್ಯಾಸ ಮಾಡುವ ಕೀಟದ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. 1922ರಲ್ಲಿ ಕಾರ್ನಿ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಭಾರತದಲ್ಲಿ ಪಪ್ಪಾಯಿ ಗಿಡದ ಮೇಲೆ 2015ರಲ್ಲಿ ವರದಿಯಾಯಿತು, 2021–22ರಲ್ಲಿ ದಕ್ಷಿಣದ ರಾಜ್ಯಗಳ ಮೆಣಸಿನಕಾಯಿ ಹೊಲಗಳನ್ನು ಹಾಳುಮಾಡಿತು. ಈ ಹೆಸರಿನಲ್ಲಿ ಕುಲದ ಹೆಸರಿನ ಮೊದಲಕ್ಷರ ಮಾತ್ರ ದೊಡ್ಡದು, ಪ್ರಭೇದದ ಹೆಸರು ಪೂರ್ತಿ ಸಣ್ಣಕ್ಷರ, ಎರಡೂ ಓರೆ ಅಕ್ಷರದಲ್ಲಿರಬೇಕು. ಅದರ ನಂತರ ಬರುವ, ಕೀಟವನ್ನು ವಿವರಿಸಿದ ಕಾರ್ನಿಯವರ ಹೆಸರು ಆವರಣದೊಳಗೆ ನೇರ ಅಕ್ಷರದಲ್ಲಿ ಇರಬೇಕು. ಝೊಟೆರೊದ ಶೀರ್ಷಿಕೆ ಖಾನೆಯಲ್ಲಿ ಹೆಸರಿನ ಹಿಂದೆ ಮುಂದೆ ಕೋನಾವರಣದಲ್ಲಿ ಇಂಗ್ಲಿಷಿನ ಐ ಅಕ್ಷರದ ಗುರುತು ಹಾಕಿದರೆ, ವೆಬ್ ಪುಟ ಬರೆಯುವವರು ಹಾಕುವಂತೆಯೇ, ಪಟ್ಟಿಯಲ್ಲಿ ಅಷ್ಟು ಭಾಗ ಓರೆಯಾಗಿ ಬರುತ್ತದೆ. ಪ್ರತಿ ಶೀರ್ಷಿಕೆಗೂ ಇದನ್ನು ಕೈಯಾರೆ ಹಾಕಬೇಕು. ಬೇಸರದ ಕೆಲಸವಾದರೂ ಒಮ್ಮೆ ಹಾಕಿದರೆ ಮುಂದಿನ ಎಲ್ಲ ಲೇಖನಗಳಿಗೂ ಅದು ನಿಲ್ಲುತ್ತದೆ.

ಇಲ್ಲಿ ಇನ್ನೊಂದು ಬಲೆ ಇದೆ. ಕೆಲವು ಜರ್ನಲ್‌ಗಳು ಶೀರ್ಷಿಕೆಯ ಪ್ರತಿ ಮುಖ್ಯ ಪದವನ್ನೂ ದೊಡ್ಡಕ್ಷರದಿಂದ ಆರಂಭಿಸಲು ಕೇಳುತ್ತವೆ. ಆ ಶೈಲಿಯನ್ನು ಆರಿಸಿದ ತಕ್ಷಣ ಪಾರ್ವಿಸ್ಪೈನಸ್‌ನ ಮೊದಲಕ್ಷರವೂ ದೊಡ್ಡದಾಗಿಬಿಡುತ್ತದೆ, ಅದು ಪ್ರಾಣಿನಾಮಕರಣದ ನಿಯಮಕ್ಕೇ ವಿರುದ್ಧ. ಹಾಗಾಗದಂತೆ ಆ ಪದಗಳಿಗೆ ‘ನೋಕೇಸ್’ ಎಂಬ ಬೇರೆ ಗುರುತು ಹಾಕುವ ಅವಕಾಶವಿದೆ. ಇದೇ ಕಾರಣಕ್ಕೆ ಲೈಬ್ರರಿಯಲ್ಲಿ ಎಲ್ಲ ಶೀರ್ಷಿಕೆಗಳನ್ನೂ ಸಾಮಾನ್ಯ ವಾಕ್ಯದಂತೆ, ಮೊದಲ ಪದ ಮತ್ತು ಅಂಕಿತನಾಮಗಳಿಗೆ ಮಾತ್ರ ದೊಡ್ಡಕ್ಷರ ಕೊಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಸಣ್ಣಕ್ಷರವನ್ನು ದೊಡ್ಡದು ಮಾಡಲು ತಂತ್ರಾಂಶಕ್ಕೆ ಬರುತ್ತದೆ. ದೊಡ್ಡಕ್ಷರದಲ್ಲಿರುವ ಪದಗಳಲ್ಲಿ ಧಾರವಾಡ ಯಾವುದು, ಬರೀ ಮೆಣಸಿನಕಾಯಿ ಯಾವುದು ಎಂದು ಗುರುತಿಸಿ ಸಣ್ಣದು ಮಾಡಲು ಅದಕ್ಕೆ ಬರುವುದಿಲ್ಲ.

ಇಷ್ಟು ಶ್ರಮಕ್ಕೆ ಪ್ರತಿಫಲ ಸಿಗುವುದು ವರ್ಡ್ ಕಡತದಲ್ಲಿ. ವರ್ಡ್‌ನ ಮೇಲುಪಟ್ಟಿಯಲ್ಲಿ ಝೊಟೆರೊ ಎಂಬ ವಿಭಾಗ ಸೇರಿಕೊಂಡಿರುತ್ತದೆ. ಉಲ್ಲೇಖ ಬೇಕಾದ ಕಡೆ ಗುಂಡಿ ಒತ್ತಿ, ಲೇಖಕರ ಹೆಸರಿನ ಎರಡು ಅಕ್ಷರ ಬರೆದು, ಕಂಡ ಸಾಲನ್ನು ಆರಿಸಿದರೆ ಉಲ್ಲೇಖ ಬೀಳುತ್ತದೆ. ಲೇಖನದ ಕೊನೆಯಲ್ಲಿ ಪಟ್ಟಿ ತಾನಾಗಿ ಬೆಳೆಯುತ್ತ ಹೋಗುತ್ತದೆ. ಉಲ್ಲೇಖ ತೆಗೆದರೆ ಪಟ್ಟಿಯಿಂದಲೂ ಅದು ಹೋಗುತ್ತದೆ. ನನ್ನ ಮೊದಲ ಲೇಖನದ ಆರು ತಪ್ಪುಗಳು, ಅಂದರೆ ಒಳಗಿದ್ದು ಪಟ್ಟಿಯಲ್ಲಿಲ್ಲದ ನಾಲ್ಕು ಮತ್ತು ಪಟ್ಟಿಯಲ್ಲಿದ್ದು ಒಳಗಿಲ್ಲದ ಎರಡು, ಹೀಗೆ ಬರೆದಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ಶೈಲಿ ಬದಲಿಸಬೇಕಾದಾಗ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನನ್ನ ಎರಡನೆಯ ಹಸ್ತಪ್ರತಿಯನ್ನು ಲೇಖಕ–ವರ್ಷ ಪದ್ಧತಿಯಲ್ಲಿ ಬರೆದಿದ್ದೆ. ಒಂದು ಜರ್ನಲ್ ಅದನ್ನು ತನ್ನ ವ್ಯಾಪ್ತಿಗೆ ಸೇರದ ವಿಷಯವೆಂದು ಕಳಿಸಿತು. ಮುಂದಿನ ಜರ್ನಲ್ ವ್ಯಾಂಕೂವರ್ ಶೈಲಿ ಕೇಳಿತು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ವೈದ್ಯಕೀಯ ಜರ್ನಲ್‌ಗಳ ಕೆಲವು ಸಂಪಾದಕರು ಕೂಡಿ ಒಪ್ಪಿಕೊಂಡ ನಿಯಮಗಳಿಂದ ಬಂದ ಹೆಸರಿದು. ಅದರಲ್ಲಿ ಲೇಖನದೊಳಗೆ ಸಂಖ್ಯೆ ಮಾತ್ರ ಇರುತ್ತದೆ. ಉಲ್ಲೇಖಗಳು ಮೊದಲು ಕಾಣಿಸಿಕೊಂಡ ಕ್ರಮದಲ್ಲೇ ಪಟ್ಟಿಯ ಸಂಖ್ಯೆಗಳು ಸಾಗುತ್ತವೆ. ಕೈಯಿಂದ ಮಾಡಿದ ಪಟ್ಟಿಯಲ್ಲಿ ಮೂರನೆಯ ಪ್ಯಾರಾದಲ್ಲಿ ಒಂದು ಹೊಸ ಉಲ್ಲೇಖ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳನ್ನೂ ತಿದ್ದಬೇಕಾಗುತ್ತದೆ. ಝೊಟೆರೊದಲ್ಲಿ ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು ಶೈಲಿಯ ಹೆಸರು ಬದಲಿಸಿದೆ. ಅರ್ಧ ನಿಮಿಷದಲ್ಲಿ 71 ಆಕರಗಳು ಅಕಾರಾದಿ ಕ್ರಮ ಬಿಟ್ಟು ಸಂಖ್ಯೆಯ ಕ್ರಮಕ್ಕೆ ಬಂದು ನಿಂತವು. ಮೊದಲ ಲೇಖನಕ್ಕಾಗಿ ಕಳೆದ ರಾತ್ರಿಗಳು ನೆನಪಾಗಿ ನನಗೆ ನಿಜವಾಗಿಯೂ ಕಣ್ಣು ತುಂಬಿತು.

ಶೈಲಿಗಳ ಸಂಗ್ರಹ ದೊಡ್ಡದು. ಸಿಎಸ್‌ಎಲ್ ಎಂಬ ಮುಕ್ತ ಭಾಷೆಯಲ್ಲಿ ಬರೆದ 10,000ಕ್ಕೂ ಹೆಚ್ಚು ಶೈಲಿಗಳು ಅಲ್ಲಿವೆ, ಜರ್ನಲ್‌ನ ಹೆಸರಿನಿಂದಲೇ ಹುಡುಕಿ ಇಳಿಸಿಕೊಳ್ಳಬಹುದು. ನಮ್ಮ ದೇಶದ ಎಷ್ಟೋ ಸಣ್ಣ ಜರ್ನಲ್‌ಗಳು ಅಲ್ಲಿ ಸಿಗುವುದಿಲ್ಲ. ಆಗ ಹತ್ತಿರದ ಶೈಲಿಯೊಂದನ್ನು ತೆಗೆದುಕೊಂಡು ತಿದ್ದಬೇಕಾಗುತ್ತದೆ. ನನಗೆ ಕೋಡಿಂಗ್ ಬರುವುದಿಲ್ಲ. ಆದರೂ ಕೊನೆಯ ಇಬ್ಬರು ಲೇಖಕರ ನಡುವಿನ ಚಿಹ್ನೆಯನ್ನು ತೆಗೆದು ‘ಆ್ಯಂಡ್’ ಎಂಬ ಪದ ಬರುವಂತೆ ಮಾಡಲು ಶೈಲಿಯ ಕಡತದಲ್ಲಿ ‘ಸಿಂಬಲ್’ ಎಂದಿದ್ದ ಕಡೆ ‘ಟೆಕ್ಸ್ಟ್’ ಎಂದು ಬರೆಯುವುದಷ್ಟೇ ಸಾಕಾಯಿತು. ತಿದ್ದಿದ ಶೈಲಿಗೆ ಹೊಸ ಹೆಸರು ಮತ್ತು ಹೊಸ ಗುರುತುವಿಳಾಸ ಕೊಡುವುದನ್ನು ಮರೆಯಬಾರದು. ಇಲ್ಲವಾದರೆ ಮೂಲ ಶೈಲಿ ಪರಿಷ್ಕರಣೆಗೊಂಡಾಗ ನಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಜರ್ನಲ್ ಹೆಸರುಗಳ ಸಂಕ್ಷೇಪದಲ್ಲಿ ನಾನು ಬಹಳ ದಿನ ಎಡವಿದೆ. ಐಎಸ್‌ಒ 4 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಎಂಬುದು ‘ಇಂಡಿಯನ್ ಜೆ. ಅಗ್ರಿಕ್. ಸೈ.’ ಎಂದು ಚುಕ್ಕಿಗಳೊಂದಿಗೆ ಮೊಟಕಾಗುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪದ್ಧತಿಯಲ್ಲಿ ಚುಕ್ಕಿಗಳಿರುವುದಿಲ್ಲ. ಝೊಟೆರೊದಲ್ಲಿ ಸಂಕ್ಷಿಪ್ತ ಹೆಸರಿಗೆ ಪ್ರತ್ಯೇಕ ಖಾನೆ ಇದೆ. ನಾನು ಅದರಲ್ಲಿ ಸರಿಯಾದ ರೂಪವನ್ನು ಶ್ರದ್ಧೆಯಿಂದ ತುಂಬಿದರೂ ಪಟ್ಟಿಯಲ್ಲಿ ಬೇರೆಯೇ ರೂಪ ಬರುತ್ತಿತ್ತು. ಕಾರಣ ತಿಳಿದದ್ದು ತಿಂಗಳ ಮೇಲೆ. ವರ್ಡ್‌ನೊಳಗಿನ ಝೊಟೆರೊ ಆಯ್ಕೆಗಳಲ್ಲಿ ಮೆಡ್‌ಲೈನ್ (ಅದೇ ವೈದ್ಯಕೀಯ ಗ್ರಂಥಾಲಯದ ಪ್ರಬಂಧ ಸೂಚಿ) ಸಂಕ್ಷೇಪ ಬಳಸು ಎಂಬ ಚೌಕಕ್ಕೆ ಗುರುತು ಇದ್ದರೆ ತಂತ್ರಾಂಶ ನಾವು ತುಂಬಿದ ಖಾನೆಯನ್ನು ಕಡೆಗಣಿಸುತ್ತದೆ. ವೈದ್ಯಕೀಯದವರು ಆ ಗುರುತನ್ನು ಇಟ್ಟುಕೊಳ್ಳಲಿ, ಕೃಷಿಯವರು ತೆಗೆಯುವುದು ಲೇಸು.

ಕೊರತೆಗಳನ್ನೂ ಹೇಳಬೇಕು. ಥೀಸಿಸ್‌ನ ಕಡತದಲ್ಲಿ ಉಲ್ಲೇಖಗಳು ಇನ್ನೂರು ದಾಟಿದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಪ್ರತಿ ಹೊಸ ಉಲ್ಲೇಖಕ್ಕೂ ಉಸಿರು ಕಟ್ಟಿ ನಿಲ್ಲುತ್ತಿತ್ತು. ಉಲ್ಲೇಖಗಳನ್ನು ತಾನಾಗಿ ನವೀಕರಿಸುವುದನ್ನು ನಿಲ್ಲಿಸಿ, ದಿನದ ಕೊನೆಗೊಮ್ಮೆ ರಿಫ್ರೆಶ್ ಒತ್ತುವ ಪದ್ಧತಿಗೆ ಬಂದ ಮೇಲೆ ಸುಧಾರಿಸಿತು. ಸಹಲೇಖಕರಿಗೆ ಕಡತ ಕಳಿಸಿದಾಗ ಇನ್ನೊಂದು ಕಷ್ಟ. ಅವರು ಉಲ್ಲೇಖದ ಮೇಲೆಯೇ ಕೈಯಿಂದ ಬರೆದರೆ, ಅಥವಾ ಕಡತವನ್ನು ವರ್ಡ್‌ನಿಂದ ಲಿಬ್ರೆಆಫೀಸ್‌ಗೆ ನೇರವಾಗಿ ತೆರೆದು ಉಳಿಸಿದರೆ, ಕೊಂಡಿಗಳು ಕಳಚಿ ಬರೀ ಅಕ್ಷರಗಳಾಗಿಬಿಡುವ ಸಂಭವವಿದೆ. ಈ ತಂತ್ರಾಂಶದಿಂದ ಆ ತಂತ್ರಾಂಶಕ್ಕೆ ಕಡತ ಸಾಗಿಸಲು ಝೊಟೆರೊದಲ್ಲಿ ಬೇರೆ ಆಯ್ಕೆಯೇ ಇದೆ, ಅದನ್ನೇ ಬಳಸಬೇಕು. ಜರ್ನಲ್‌ಗೆ ಕೊನೆಯದಾಗಿ ಕಳಿಸುವಾಗ ಕೊಂಡಿಗಳನ್ನು ಬಿಡಿಸುವ ಅನ್‌ಲಿಂಕ್ ಗುಂಡಿ ಒತ್ತುವುದಾದರೆ ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಬಿಡಿಸಿದ ಕೊಂಡಿ ಮತ್ತೆ ಕೂಡುವುದಿಲ್ಲ.

ಸಂಗ್ರಹದ ಬಗ್ಗೆ ಹೇಳುವುದಾದರೆ, ಕಡತಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ. ಆಕರಗಳ ವಿವರಕ್ಕೆ ಈ ಮಿತಿ ಇಲ್ಲ, ಪಿಡಿಎಫ್‌ಗಳಿಗೆ ಮಾತ್ರ. 2 ಜಿಬಿ ಬೇಕಾದರೆ ವರ್ಷಕ್ಕೆ 20 ಡಾಲರ್. ನಾನು ಈವರೆಗೆ ಕೊಂಡಿಲ್ಲ. ಪಿಡಿಎಫ್‌ಗಳು ಲ್ಯಾಪ್‌ಟಾಪ್‌ನಲ್ಲೇ ಇವೆ, ತಿಂಗಳಿಗೊಮ್ಮೆ ಇಡೀ ಝೊಟೆರೊ ಫೋಲ್ಡರ್ ಅನ್ನು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡುತ್ತೇನೆ. ಹಣ ಉಳಿಸಲೆಂದು ಆ ಫೋಲ್ಡರ್ ಅನ್ನೇ ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್‌ನೊಳಗೆ ಇಡುವುದು ಅಪಾಯಕರ. ದತ್ತಾಂಶದ ಕಡತ ಕೆಟ್ಟು ಲೈಬ್ರರಿಯೇ ತೆರೆಯದಂತಾಗಬಹುದೆಂದು ತಯಾರಕರೇ ಎಚ್ಚರಿಸಿದ್ದಾರೆ.

ಇನ್ನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಎರಡನೆಯ ಹಸ್ತಪ್ರತಿಯ ಪಟ್ಟಿ ಅಚ್ಚುಕಟ್ಟಾಗಿ ಬಂದದ್ದನ್ನು ಸಂತೋಷದಿಂದ ಗೈಡ್ ಸರ್ ಮುಂದೆ ಇಟ್ಟಾಗ ಅವರು ಚುಕ್ಕಿ, ಅಲ್ಪವಿರಾಮಗಳನ್ನು ನೋಡಲಿಲ್ಲ. 23ನೆಯ ಆಕರದ ಮೇಲೆ ಬೆರಳಿಟ್ಟು, “ಇದನ್ನ ನೀ ತಗದು ಓದೀಯೇನವಾ?” ಎಂದು ಕೇಳಿದರು. ನಾನು ಓದಿರಲಿಲ್ಲ. ಇನ್ನೊಂದು ಪ್ರಬಂಧ ಅದನ್ನು ಉಲ್ಲೇಖಿಸಿತ್ತು, ನಾನು ಅಲ್ಲಿಂದ ಎತ್ತಿಕೊಂಡಿದ್ದೆ. ತೆಗೆದು ಓದಿದಾಗ ನಾನು ಹೇಳಿದ್ದಕ್ಕಿಂತ ಬೇರೆಯದೇ ಅದರಲ್ಲಿತ್ತು. ಆ ಪ್ರಯೋಗ ನಡೆದದ್ದು ಹಸಿರುಮನೆಯಲ್ಲಿ; ನಾನು ಅದನ್ನು ಹೊಲದ ಫಲಿತಾಂಶವೆಂದು ಬರೆದಿದ್ದೆ.

ಇದು ನನ್ನೊಬ್ಬಳ ತಪ್ಪಲ್ಲವೆಂಬುದನ್ನು ನಂತರ ಓದಿ ತಿಳಿದೆ. ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಆಕರ ಪಟ್ಟಿಗಳಲ್ಲಿನ ಒಂದೇ ರೀತಿಯ ಮುದ್ರಣದೋಷಗಳು ಪ್ರಬಂಧದಿಂದ ಪ್ರಬಂಧಕ್ಕೆ ಹೇಗೆ ಹರಿದುಹೋಗುತ್ತವೆ ಎಂಬುದನ್ನು ಲೆಕ್ಕಹಾಕಿ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಶೇಕಡಾ 20 ಮಾತ್ರ ಎಂದು ಅಂದಾಜಿಸಿದರು. ಇನ್ನೂ ಬೆರಗು ಹುಟ್ಟಿಸುವ ಸಂಗತಿ 2017ರಲ್ಲಿ ಹೊರಬಂದದ್ದು. ದೊಡ್ಡ ಪ್ರಕಾಶನ ಸಂಸ್ಥೆಯೊಂದು ಆಕರವನ್ನು ಹೇಗೆ ಬರೆಯಬೇಕೆಂದು ತೋರಿಸಲು ತನ್ನ ಮಾದರಿ ಕಡತದಲ್ಲಿ ವ್ಯಾನ್ ಡೆರ್ ಗೇರ್ ಮೊದಲಾದವರದೆಂದು, 2000ನೇ ಇಸವಿಯದೆಂದು ಒಂದು ಕಲ್ಪಿತ ಪ್ರಬಂಧವನ್ನು ಕೊಟ್ಟಿತ್ತು. ಆ ಪ್ರಬಂಧವೂ ಇಲ್ಲ, ಆ ಜರ್ನಲ್ಲೂ ಇಲ್ಲ. ಆದರೂ ಅದು ಸುಮಾರು 400 ಪ್ರಕಟಿತ ಲೇಖನಗಳ ಆಕರ ಪಟ್ಟಿಯಲ್ಲಿ ಸೇರಿಹೋಗಿರುವುದನ್ನು ನೆದರ್‌ಲ್ಯಾಂಡ್ಸ್‌ನ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೋನೆನ್‌ಬರ್ಗ್ ಪತ್ತೆಹಚ್ಚಿದರು. ಮಾದರಿಯ ಮೇಲೆ ತಮ್ಮ ಆಕರಗಳನ್ನು ಬರೆಯುತ್ತ ಹೋದವರು ಮಾದರಿಯ ಆ ಒಂದು ಸಾಲನ್ನು ಅಳಿಸಲು ಮರೆತಂತೆ ಕಾಣುತ್ತದೆ. ಈಗ ಕೃತಕ ಬುದ್ಧಿಮತ್ತೆಯ ಸಲಕರಣೆಗಳಿಂದ ಆಕರ ಪಟ್ಟಿ ಬರೆಸುವವರಿಗೂ ಇದೇ ಅಪಾಯವಿದೆ. ಲೇಖಕರ ಹೆಸರು, ವರ್ಷ, ಡಿಒಐ ಎಲ್ಲ ಶೈಲಿಗೆ ತಕ್ಕಂತೆ ಇರುತ್ತವೆ, ಪ್ರಬಂಧ ಮಾತ್ರ ಇರುವುದಿಲ್ಲ. ಹುಡುಕಿ ತೆರೆದು ಝೊಟೆರೊಗೆ ಸೇರಿಸಿಕೊಳ್ಳುವ ಅಭ್ಯಾಸವಿದ್ದರೆ ಇಂಥವು ಹೊಸಿಲಲ್ಲೇ ನಿಲ್ಲುತ್ತವೆ, ಏಕೆಂದರೆ ಇಲ್ಲದ ಡಿಒಐಗೆ ವಿವರ ಬರುವುದಿಲ್ಲ.

ಈ ದಿಕ್ಕಿನಲ್ಲಿ ಝೊಟೆರೊ ಮಾಡುವ ಒಂದು ಉಪಕಾರ ನನಗೆ ಬಹಳ ಹಿಡಿಸಿದೆ. ಪ್ರಕಟವಾದ ಮೇಲೆ ಹಿಂತೆಗೆದುಕೊಂಡ ಪ್ರಬಂಧಗಳ ಮಾಹಿತಿಯನ್ನು ರಿಟ್ರ್ಯಾಕ್ಷನ್ ವಾಚ್ ಎಂಬ ದತ್ತಾಂಶದಿಂದ ಪಡೆದು, ಅಂಥದ್ದು ನಮ್ಮ ಲೈಬ್ರರಿಯಲ್ಲಿದ್ದರೆ ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ. ಅದನ್ನು ಉಲ್ಲೇಖಿಸಲು ಹೋದರೆ ಮತ್ತೊಮ್ಮೆ ಕೇಳುತ್ತದೆ. 2019ರಿಂದ ಈ ಸೌಲಭ್ಯವಿದೆ.

ಬೇರೆ ತಂತ್ರಾಂಶಗಳನ್ನೂ ನೋಡಿದ್ದೇನೆ. ಮೆಂಡಲೇ ಬಳಸಲು ಸಲೀಸು. 2013ರಿಂದ ಅದು ಜರ್ನಲ್‌ಗಳನ್ನು ಪ್ರಕಟಿಸುವ ಎಲ್ಸೆವಿಯರ್ ಸಂಸ್ಥೆಯ ಒಡೆತನದಲ್ಲಿದೆ. ಎಂಡ್‌ನೋಟ್ ದುಡ್ಡಿನದು, ವಿದ್ಯಾರ್ಥಿಗಳ ಕೈಗೆ ಎಟುಕುವುದು ಕಷ್ಟ. ಗಣಿತ, ಎಂಜಿನಿಯರಿಂಗ್‌ನವರು ವರ್ಡ್ ಬದಲು ಲೇಟೆಕ್ಸ್ ಎಂಬ ತಂತ್ರಾಂಶದಲ್ಲಿ ಬರೆಯುವುದಾದರೆ ಅದರ ಜೊತೆಗಿನ ಆಕರ ಸಲಕರಣೆ ಬಿಬ್‌ಟೆಕ್ಸ್ ಸಾಕು. ಝೊಟೆರೊದಿಂದ ಆ ರೂಪದ ಕಡತವನ್ನೂ ಹೊರತೆಗೆಯಬಹುದು.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿಯೇ ಪಿಎಚ್.ಡಿ. ಮಾಡುತ್ತಿರುವ ನನ್ನ ಕೋಣೆಯ ಗೆಳತಿ, ಇದು ತನಗೆ ಆದೀತೇ ಎಂದು ಕೇಳಿದಳು. ಇಬ್ಬರೂ ಕೂಡಿ ಅವಳ ನಲವತ್ತು ಪುಸ್ತಕಗಳನ್ನು ಸೇರಿಸಿ ನೋಡಿದೆವು. ಕನ್ನಡ ಅಕ್ಷರಗಳನ್ನು ಅದು ಯಾವ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಐಎಸ್‌ಬಿಎನ್ ಕೊಟ್ಟಾಗ ಕೆಲವು ಪುಸ್ತಕಗಳ ವಿವರ ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಚಿಹ್ನೆಗಳೊಂದಿಗೆ ಬಂದಿತು, ಕೆಲವಕ್ಕೆ ಏನೂ ಬರಲಿಲ್ಲ. ಕೊನೆಗೆ ಎಲ್ಲವನ್ನೂ ಕೈಯಾರೆ ಬರೆದೆವು. ಲೇಖಕರ ಹೆಸರನ್ನು ತುಂಡರಿಸದೆ ಕನ್ನಡದ ರೂಢಿಯಂತೆ ಇಡೀ ಹೆಸರಾಗಿ ಇಡಬೇಕಾದರೆ ಎರಡು ಖಾನೆಗಳನ್ನು ಒಂದೇ ಖಾನೆ ಮಾಡುವ ಆಯ್ಕೆ ಇದೆ, ಅದು ಚೆನ್ನಾಗಿ ಒದಗಿತು. ಆದರೆ ಒಂದು ಕಡತಕ್ಕೆ ಒಂದೇ ಭಾಷೆ ಎಂಬುದು ಅದರ ರಚನೆ. ಇಂಗ್ಲಿಷ್ ಆಕರಗಳೂ ಕನ್ನಡ ಆಕರಗಳೂ ಕೂಡಿದ ಪಟ್ಟಿಯಲ್ಲಿ ಮೂವರು ಕನ್ನಡ ಲೇಖಕರ ಹೆಸರಿನ ಮುಂದೆಯೂ ಇಂಗ್ಲಿಷಿನ ‘ಎಟ್ ಆಲ್’ ಬಂದು ನಿಲ್ಲುತ್ತದೆ, ‘ಮತ್ತಿತರರು’ ಬರುವುದಿಲ್ಲ. ಅವಳು ಅಂಥ ಕಡೆಗಳನ್ನು ಕೊನೆಯ ಪ್ರತಿಯಲ್ಲಿ, ಕೊಂಡಿ ಬಿಡಿಸಿದ ಮೇಲೆ, ಒಂದೊಂದಾಗಿ ತಿದ್ದಿದಳು. ಕನ್ನಡದ ಶೈಲಿಯೊಂದನ್ನು ಬಲ್ಲವರು ಯಾರಾದರೂ ಬರೆದುಕೊಟ್ಟರೆ ನಮ್ಮ ವಿಶ್ವವಿದ್ಯಾಲಯಗಳ ನೂರಾರು ಸಂಶೋಧಕರಿಗೆ ಉಪಕಾರವಾಗುತ್ತದೆ.

ಮೂರನೆಯ ಹಸ್ತಪ್ರತಿಯನ್ನು ಕಳಿಸುವ ಮುನ್ನ ನಾವಿಬ್ಬರೂ ಹಾಸ್ಟೆಲ್‌ನ ಓದುವ ಕೋಣೆಯಲ್ಲಿ ಮುದ್ರಿಸಿದ ಪ್ರತಿಯನ್ನು ಹಿಡಿದು ಕುಳಿತೆವು. ಅವಳು ಪಟ್ಟಿಯ ಒಂದೊಂದು ಸಾಲನ್ನು ಅಲ್ಪವಿರಾಮ ಸಹಿತ ಓದುತ್ತಿದ್ದಳು, ನಾನು ಪ್ರಬಂಧದ ಮೊದಲ ಪುಟವನ್ನು ತೆರೆದು ಹೂಂ ಎನ್ನುತ್ತಿದ್ದೆ. ಒಂದೂವರೆ ಗಂಟೆಯಲ್ಲಿ 48 ಆಕರಗಳು ಮುಗಿದವು, ಎರಡು ತಪ್ಪು ಸಿಕ್ಕವು. ಒಂದರಲ್ಲಿ ಪುಟಸಂಖ್ಯೆ ಅದಲುಬದಲಾಗಿತ್ತು, ಇನ್ನೊಂದರಲ್ಲಿ ಎರಡನೆಯ ಲೇಖಕರ ಮೊದಲಕ್ಷರ ಬಿಟ್ಟುಹೋಗಿತ್ತು. ವರ್ಡ್‌ನಲ್ಲಿ ತಿದ್ದಿದರೆ ಮುಂದಿನ ರಿಫ್ರೆಶ್‌ನಲ್ಲಿ ಹಳೆಯ ತಪ್ಪೇ ಮರಳಿ ಬರುತ್ತದಾದ್ದರಿಂದ ಎರಡನ್ನೂ ಲೈಬ್ರರಿಯಲ್ಲೇ ತಿದ್ದಿ, ಪಟ್ಟಿಯನ್ನು ಮತ್ತೆ ಎಳೆದುಕೊಂಡು, ಅದೇ ಸಂಜೆ ಲೇಖನವನ್ನು ಕಳಿಸಿದೆ. ಈ ಸಲ ಅದು ನೇರವಾಗಿ ವಿಮರ್ಶಕರ ಕೈಗೆ ಹೋಯಿತು.